ದೇವರ ಗೂಡಿನ ಹಿಂದಿನ ಕನ್ನಡ ಭೂತ

ಭೂತಗಳ ವಿಷಯದಲ್ಲಿ ನಾನು ಸಾಕಷ್ಟು ತಿಳಿದವಳು ಎಂಬುದನ್ನು ಮೊದಲೇ ಸವಿನಯವಾಗಿ ತಿಳಿಸುತ್ತೇನೆ. ಭೂತವನ್ನು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಬೇಡಿ. ಅದರ ಅಗತ್ಯವೇ ಬಿದ್ದಿಲ್ಲ. ‘ಹುಣಸಿಮರದ ವಾಡೆ’ ಎಂಬ ಧಾರಾವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಮುಗಿಸಿ, ಮುಗಿಯಿತಲ್ಲ ಎಂಬ ದುಃಖಕ್ಕೆ ಮತ್ತೆ ಮೊದಲಿನಿಂದ ನೋಡಿ, ಹೀಗೇ ವರ್ಷಗಟ್ಟಲೆ ತಪಸ್ಸು ಮಾಡಿದವಳು ನಾನು. ಅದರಲ್ಲಿ ಬರುವ ತುಂಗಾಬಾಯಿ ಎಂಬ ಭೂತ ನನಗೆ ಸ್ವಂತ ನಾದಿನಿಗಿಂತ ಹೆಚ್ಚು ಪರಿಚಿತಳು. ಯಾವ ಬಾಗಿಲು ಯಾವಾಗ ಕಿರ್ ಎನ್ನುತ್ತದೆ, ಯಾವ ನಾಯಿ ಎಲ್ಲಿ ಊಳಿಡುತ್ತದೆ, ಎಲ್ಲವೂ ನನಗೆ ಬಾಯಿಪಾಠ.

ಶನಿವಾರ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದಿವಾನದ ಮೇಲೆ ಕಾಲು ಚಾಚಿ, ಹೊಟ್ಟೆಯ ಮೇಲೆ ಅವಲಕ್ಕಿ ಚೂಡಾದ ಡಬ್ಬಿ ಇಟ್ಟುಕೊಂಡೆನೆಂದರೆ ಪುಣೆ ಮುಳುಗಿದರೂ ನಾನು ಏಳುವವಳಲ್ಲ. ನಮ್ಮವರಿಗೆ ಇದೇ ಕಷ್ಟ. ಅವರದು ಚಿಂಚವಡದ ಕಾರ್ಖಾನೆಯಲ್ಲಿ ಕೆಲಸ. ವಾರದ ಕೊನೆಗೆ ಅವರು ಬೇಡುವುದು ನಿದ್ದೆಯೊಂದನ್ನೇ.

“ಸುಮಿ, ಆ ಹೆಣ್ಮಗಳಿಗೆ ಒಂದೀಟು ಮೆಲ್ಲಕ ಚೀರು ಅಂತ ಹೇಳು. ವಾರೆಲ್ಲಾ ಮಷೀನಿನ ಸಪ್ಪಳ ಕೇಳಿ ಬಂದೀನಿ,” ಎಂದು ಒಳಗಿನಿಂದ ಕೂಗುತ್ತಿದ್ದರು.

“ಭೂತ ಮೆಲ್ಲಕ ಚೀರಿದ್ರ ಯಾರ್ರಿ ಅಂಜತಾರ?”

“ಜೋರಾಗಿ ಚೀರಿದ್ರರ ನೀ ಎಲ್ಲಿ ಅಂಜತಿ? ಚೂಡಾ ತಿನ್ಕೋತ ಕುಂತಿರ್ತಿ!”

ಕೊನೆಗೆ ಒಂದು ಶನಿವಾರ ಅವರು ವೈರಿಲ್ಲದ ಹೆಡ್‌ಫೋನ್ ತಂದು ನನ್ನ ಕೈಗಿಟ್ಟರು. ಟಿವಿಗೆ ಜೋಡಿಸಿಕೊಡುತ್ತೇನೆ ಎಂದರು. ನನಗೆ ಅವಮಾನವಾಯಿತು. “ಆಫೀಸಿನ್ಯಾಗ ಇಡೀ ದಿನ ಕಂಪ್ಯೂಟರ್ ಮುಂದ ಕೂಡಾಕಿ ನಾ. ನೀವು ಹೋಗಿ ಮಲಕೋರಿ,” ಎಂದು ಕಳಿಸಿದೆ.

ಟಿವಿ ಪರದೆಯ ಮೇಲೆ ಸುತ್ತಮುತ್ತಲಿನ ಯಂತ್ರಗಳ ಹೆಸರುಗಳು ಸಾಲಾಗಿ ಬಂದವು. ಮನುಷ್ಯರಿಡುವ ಹೆಸರುಗಳಲ್ಲ ಅವು. ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಎಲ್ಲಕ್ಕಿಂತ ಮೇಲೆ ಇರುವುದೇ ನಮ್ಮದಿರಬೇಕು, ಹತ್ತಿರದವರು ಮುಂದೆ ನಿಲ್ಲುವುದು ಲೋಕರೂಢಿಯಲ್ಲವೇ ಎಂದು ಅದನ್ನೇ ಒತ್ತಿದೆ. ಜೋಡಣೆ ಆಯಿತು ಎಂದಿತು ಟಿವಿ. ನೋಡಿದಿರಾ, ಇಷ್ಟೇ ಕೆಲಸ!

ಹೆಡ್‌ಫೋನ್ ಏರಿಸಿಕೊಂಡೆ. ಒಂದು ಸದ್ದೂ ಇಲ್ಲ. ವಾಲ್ಯೂಮ್ ಏರಿಸಿದೆ. ಇನ್ನೂ ಏರಿಸಿದೆ. ಇನ್ನೇರಿಸಲು ಜಾಗವೇ ಇಲ್ಲದಷ್ಟು ಏರಿಸಿದೆ. ತುಂಗಾಬಾಯಿ ಬಾಯಿ ತೆರೆದು ಕೂಗುತ್ತಿದ್ದಾಳೆ, ನನ್ನ ಕಿವಿಯಲ್ಲಿ ಮಾತ್ರ ಪರಮಶಾಂತಿ. ಹೆಡ್‌ಫೋನೇ ಕೆಟ್ಟದ್ದು ಎಂದು ತೀರ್ಮಾನಿಸಿದೆ. ಆದರೆ ಅಷ್ಟು ಜಂಬದಿಂದ ಗಂಡನನ್ನು ಮಲಗಲು ಕಳಿಸಿ ಈಗ ಎಬ್ಬಿಸುವುದು ಹೇಗೆ? ಮೇಲಾಗಿ ನನಗೆ ಸದ್ದಿನ ಅಗತ್ಯವಾದರೂ ಏನು? ಮಾತೆಲ್ಲ ಬಾಯಿಪಾಠವೇ ಇದೆಯಲ್ಲ! ಮೂಕ ಹೆಡ್‌ಫೋನನ್ನು ಕಿವಿಗೇರಿಸಿಕೊಂಡು, ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನೋಡತೊಡಗಿದೆ.

“ಹೆಂಗದ?” ಎಂದು ನಮ್ಮವರು ನಿದ್ದೆಗಣ್ಣಲ್ಲಿ ಇಣುಕಿ ಕೇಳಿದರು.

“ಭಾಳ ಸ್ಪಷ್ಟ ಕೇಳಸ್ತದರಿ!” ಎಂದೆ.

ಆ ಸಂಜೆಗೆ ಮುಂಚೆಯೇ ನಮ್ಮ ಕೆಳಗಿನ ಮನೆಯ ಲೀಲಾ ಕಾಕೂ ಏದುಸಿರು ಬಿಡುತ್ತ ಬಂದರು. ಕಾಕೂ ನಮಗೆ ಬರೀ ನೆರೆಯವರಲ್ಲ. ನನಗೆ ಟೈಫಾಯ್ಡ್ ಬಂದಾಗ ದಿನಾ ಮೆತ್ತಗಿನ ಅನ್ನ ಮಾಡಿ ಮೇಲೆ ತಂದುಕೊಟ್ಟವರು. ಅವರಿಗೆ ಮರಾಠಿ ಬಿಟ್ಟು ಬೇರೆ ಬಾರದು. ಇಲ್ಲಿ ಅವರ ಮಾತನ್ನು ನಾನು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದೇನೆ, ಅಷ್ಟೇ.

“ಸುಮಿತ್ರಾ, ನಮ್ಮ ದೇವರ ಗೂಡಿನ ಹಿಂದ ಯಾರೋ ಹೆಂಗಸು ಅಳಾಕತ್ತಾಳ! ಆಮೇಲೆ ನಗತಾಳ! ಯಾವ ಭಾಷೆನೋ ಏನೋ, ‘ಬಾ, ಒಳಗ ಬಾ’ ಅಂತ ಏನೇನೋ ಅಂತಾಳ.”

ನಾನು ಎದ್ದು ಕುಳಿತೆ. “ಕಾಕೂ, ಅದು ಕನ್ನಡ!”

ಈಗ ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗಾದದ್ದು ಭಯವಲ್ಲ, ಸಂತೋಷ. ಪರಊರಿನಲ್ಲಿ ನಮ್ಮ ಕಡೆಯವರು ಸಿಕ್ಕಂತಾಯಿತು! ಕೂಡಲೇ ತಜ್ಞಳ ಗತ್ತಿನಲ್ಲಿ ವಿಚಾರಣೆ ಆರಂಭಿಸಿದೆ.

“ಗೆಜ್ಜೆ ಸಪ್ಪಳ ಇತ್ತೇನ್ರಿ?”

“ಇತ್ತು!”

“ನಾಯಿ ಊಳಿಡ್ತಾ?”

“ಹೌದವ್ವಾ! ನಿನಗ ಹೆಂಗ ಗೊತ್ತು?”

“ಬಾಗಲಾ ಕಿರ್ ಅಂತು?”

ಕಾಕೂ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಎಲ್ಲವೂ ತುಂಗಾಬಾಯಿಯದೇ ಲಕ್ಷಣ. ಭೂತಗಳೆಲ್ಲ ಒಂದೇ ಶಾಲೆಯಲ್ಲಿ ಕಲಿತಿರುತ್ತವೆ ಎಂದುಕೊಂಡೆ. ಇದಕ್ಕಿಂತ ಸರಳವಾದ ಕಾರಣವೊಂದು ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಥೆ ನನ್ನನ್ನು ಬಿಟ್ಟು ಮುಂದೆ ಹೋಗಬಾರದೆಂದು ಟಿವಿಯನ್ನು ನಿಲ್ಲಿಸಿ, ಕಾಕೂ ಜೊತೆ ಕೆಳಗಿಳಿದೆ.

ಅವರ ಮನೆಯಲ್ಲಿ ಪೂರ್ಣ ಮೌನ. ಕಾಕೂ ಗಂಡ ಅಣ್ಣಾ ಗೊರಕೆ ಹೊಡೆಯುತ್ತಿದ್ದರು. ಊಟವಾದ ಕೂಡಲೇ ಅವರು ಕಿವಿಯ ಮಷೀನು ತೆಗೆದಿಟ್ಟು ಮಲಗುವವರು. ತಲೆಯ ಮೇಲೆ ಡೊಳ್ಳು ಬಾರಿಸಿದರೂ ಅವರಿಗೆ ಕೇಳದು. ನಾನು ದೇವರ ಗೂಡನ್ನು ಕೂಲಂಕಷವಾಗಿ ಪರೀಕ್ಷಿಸಿದೆ. ವಿಠ್ಠಲ ಇದ್ದ, ರಖುಮಾಯಿ ಇದ್ದಳು, ನಂದಾದೀಪ ಇತ್ತು. ಹಿಂದೆ ಲಾಡುವಿನ ಡಬ್ಬಿಯಷ್ಟು ದೊಡ್ಡ ಕರಿಯ ಸ್ಪೀಕರೊಂದಿತ್ತು. ಮುಂಜಾನೆ ಫೋನಿನಿಂದ ಅಭಂಗ ಕೇಳಲಿ ಎಂದು ಅವರ ತಂಗಿಯ ಮಗಳು ತಂದುಕೊಟ್ಟದ್ದು. ಸದಾ ಚಾಲೂ ಇರುತ್ತಿತ್ತು. ಅಡ್ಡ ಬರುತ್ತದೆಂದು ನಾನು ಆ ಸ್ಪೀಕರನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದೆ ಭೂತ ಹುಡುಕಿದೆ.

ಇರಲಿಲ್ಲ!

“ನೀ ಬಂದಿ, ಸುಮ್ಮನಾತು,” ಎಂದರು ಕಾಕೂ, ನನ್ನನ್ನೇ ದಿಟ್ಟಿಸುತ್ತ. ನಾನು ಮೇಲೆ ಹೋಗಿ ಟಿವಿ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಕಾಕೂ ಫೋನು: “ಮತ್ತ ಬಂದ್ಲು!” ಟಿವಿ ನಿಲ್ಲಿಸಿ ಓಡಿದೆ. ಮೌನ. ಮೇಲೆ ಬಂದೆ. ಮತ್ತೆ ಫೋನು! ಮೂರನೆಯ ಸಲ ಹೋಗುವಷ್ಟರಲ್ಲಿ ಕಾಕೂ ನನಗೆ ಕೈಮುಗಿಯುವುದೊಂದು ಬಾಕಿ. “ನಿನಗ ಅಂಜತದ ಅದು. ನಿನ್ನೊಳಗ ಏನೋ ಶಕ್ತಿ ಅದ.”

ಇದನ್ನು ನಮ್ಮವರಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. “ನಾನೂ ಅಂಜತೀನಲ್ಲ, ಅದರಾಗೇನು ವಿಶೇಷ?” ಎಂದು ಮಗ್ಗುಲಾದರು.

ಸೋಮವಾರದಿಂದ ಶುಕ್ರವಾರದವರೆಗೆ ಭೂತದ ಸುಳಿವಿಲ್ಲ. ಶನಿವಾರ ಮಧ್ಯಾಹ್ನ ಮತ್ತೆ ಹಾಜರು! ಪುಣೆಯ ಭೂತವಲ್ಲವೇ, ಬದುಕಿದ್ದಾಗ ಹಿಂಜವಡಿಯ ಯಾವುದೋ ಐಟಿ ಕಂಪನಿಯಲ್ಲಿ ಇದ್ದಿರಬೇಕು, ಐದು ದಿನದ ವಾರ ರೂಢಿಯಾಗಿದೆ ಎಂದು ನಾನು ಕಾಕೂಗೆ ವಿವರಿಸಿದೆ. ಅವರು ನಗಲಿಲ್ಲ. ಕೋಣೆಯಲ್ಲಿ ಚೀಲವೊಂದು ಅರ್ಧ ತುಂಬಿತ್ತು.

“ಬಾರಾಮತಿಗೆ ಅಕ್ಕನ ಮನಿಗೆ ಹೋಗ್ತೀನಿ, ಸುಮಿತ್ರಾ. ಇವರಿಗೆ ಏನೂ ಕೇಳಸೂದಿಲ್ಲ. ನನಗ ತಲಿ ಕೆಟ್ಟದ ಅಂತ ತಿಳದು ಡಾಕ್ಟರ ಕಡೆ ಹೋಗೂಣು ಅಂತಾರ. ಖರೇ ಹೇಳು, ನನಗ ಭ್ರಮಿ ಆಗೇದೇನು?”

ಹೇಳುತ್ತಲೇ ಇನ್ನೊಂದು ಸೀರೆ ಮಡಚಿ ಚೀಲಕ್ಕೆ ತುರುಕಿದರು. ಕಾಕೂ ಹೋದರೆ ಮತ್ತೆ ಬರುವುದು ಸುಳ್ಳು ಎಂದು ನನಗೆ ಗೊತ್ತಿತ್ತು. ಅವರಿಲ್ಲದ ಆ ಕಟ್ಟಡದಲ್ಲಿ ನನಗೆ ನನ್ನವರೆನ್ನಲು ಇನ್ಯಾರಿದ್ದರು? “ನಾಳಿನ ದಿನಾನ ಇದನ್ನ ಓಡಸ್ತೀನ್ರಿ ಕಾಕೂ. ನಾ ಅದೀನಿ,” ಎಂದು ಎದೆ ತಟ್ಟಿ ಹೇಳಿಬಿಟ್ಟೆ.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಸಭೆ ಸೇರಿತು. ಕಾಕೂ ಭ್ರಮೆಯಲ್ಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕೆಂದು ಕಟ್ಟಡದ ನಾಲ್ಕಾರು ಹೆಂಗಸರನ್ನು ನಾನೇ ಕರೆದಿದ್ದೆ. ಅಣ್ಣಾರಿಗೆ ಕಿವಿಯ ಮಷೀನು ಹಾಕಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆವು. ನಾನು ಕೂದಲು ಬಿಚ್ಚಿ, ಕುಂಕುಮವನ್ನು ಹಣೆ ತುಂಬ ಬಳಿದುಕೊಂಡು, ಧಾರಾವಾಹಿಯ ಮಾಂತ್ರಿಕ ಮಾಡುವ ಹಾಗೆಯೇ ಎರಡೂ ಕೈಯಲ್ಲಿ ಲಿಂಬೆಹಣ್ಣು ಹಿಡಿದು ಗೂಡಿನೆದುರು ನಿಂತೆ. ಬರುವ ಮುಂಚೆ ಮನೆಯಲ್ಲಿ ಟಿವಿಯನ್ನು ಎಂದಿನಂತೆ ನಿಲ್ಲಿಸಿ ಬಂದಿದ್ದೆ.

“ಬಾ, ಹೊರಗ ಬಾ!” ಎಂದು ಕನ್ನಡದಲ್ಲಿ ಗದರಿದೆ.

ಭೂತ ಬರಲಿಲ್ಲ. ಮತ್ತೊಮ್ಮೆ ಗದರಿದೆ. ಬರಲಿಲ್ಲ. ಹೆಂಗಸರು ಪರಸ್ಪರ ನೋಡಿಕೊಂಡರು. ಅಣ್ಣಾ ಆಕಳಿಸಿದರು. ಕಾಕೂ ಮುಖ ಬಾಡಿತು.

ಅದೇ ಹೊತ್ತಿಗೆ ಮೇಲೆ ನಮ್ಮ ಮನೆಯಲ್ಲಿ ನಮ್ಮವರಿಗೆ ಎಚ್ಚರವಾಗಿದೆ. ನಾನಿಲ್ಲ, ಹೆಡ್‌ಫೋನ್ ದಿವಾನದ ಮೇಲಿದೆ. ಇಷ್ಟು ವರ್ಷ ಹೆಂಡತಿ ಜೀವ ಬಿಟ್ಟು ನೋಡುವುದರಲ್ಲಿ ಅಂಥದ್ದೇನಿದೆ ಎಂದು ಅವರು ಅದನ್ನು ಕಿವಿಗೇರಿಸಿಕೊಂಡು ರಿಮೋಟು ಒತ್ತಿದ್ದಾರೆ.

ಕೆಳಗೆ, ವಿಠ್ಠಲನ ಬೆನ್ನ ಹಿಂದಿನಿಂದ, ಒಂದು ಹೆಣ್ಣು ದನಿ ಕಟ್ಟಡ ನಡುಗುವಂತೆ ಕೂಗಿತು:

“ಯಾರವರು? ನನ್ನ ಕರೆಯುವ ಧೈರ್ಯ ಯಾರಿಗೆ?”

ಹೆಂಗಸರೆಲ್ಲ ಸೋಫಾದ ಹಿಂದೆ! ಅಣ್ಣಾ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡರು. ನಾನೊಬ್ಬಳೇ ಕದಲಲಿಲ್ಲ. ಅದು ಧೈರ್ಯವಲ್ಲ, ಕಾಲು ಬರಲಿಲ್ಲ. ಆದರೆ ವರ್ಷಗಳ ರೂಢಿ ನೋಡಿ, ಮುಂದಿನ ಮಾತು ತಾನಾಗಿಯೇ ಬಾಯಿಂದ ಹೊರಬಿತ್ತು. “ಏಳು ಹಳ್ಳಿಯ ಮಾಂತ್ರಿಕ ನಾನು! ಈ ವಾಡೆ ಬಿಟ್ಟು ನಡೆ!”

ಮರುಕ್ಷಣವೇ ಗೂಡಿನ ಹಿಂದಿನಿಂದ ಗಂಡು ದನಿಯೊಂದು ಹೇಳಿತು: “ಏಳು ಹಳ್ಳಿಯ ಮಾಂತ್ರಿಕ ನಾನು! ಈ ವಾಡೆ ಬಿಟ್ಟು ನಡೆ!”

“ಅದರ ಜೋಡಿ ಮಾತಾಡಾಕತ್ತಾಳ!” ಎಂದು ಸೋಫಾದ ಹಿಂದೆ ಯಾರೋ ಪಿಸುಗುಟ್ಟಿದರು. ನಾನು ಲಿಂಬೆಹಣ್ಣುಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ತಲೆಯಲ್ಲಿ ಒಂದೇ ವಿಚಾರ: ಅಯ್ಯೋ ದೇವರೇ, ಈ ಭೂತವೂ ‘ಹುಣಸಿಮರದ ವಾಡೆ’ ನೋಡುತ್ತದೆ!

ನನ್ನ ಬುದ್ಧಿ ಎಷ್ಟು ಚುರುಕೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಭೂತ ಗಹಗಹಿಸಿ ನಕ್ಕಿತು. ನಾಯಿ ಊಳಿಟ್ಟಿತು. ಬಾಗಿಲು ಧಡಾರೆಂದಿತು. ಅಲ್ಲಿಗೆ ಆ ಕಂತು ಮುಗಿಯಿತು. ನಾನಾಗಿದ್ದರೆ ಮುಂದಿನ ಕಂತಿನ ಶೀರ್ಷಿಕೆ ಹಾಡನ್ನು ಹಾರಿಸಿಬಿಡುತ್ತಿದ್ದೆ, ಯಾವಾಗಲೂ ಹಾರಿಸುತ್ತೇನೆ. ನಮ್ಮವರಿಗೆ ಅದು ಗೊತ್ತಿಲ್ಲ. ಹಾಗಾಗಿ ರಕ್ತ ಹೀರಲು ಬಂದಿದ್ದ ಭೂತ ಇದ್ದಕ್ಕಿದ್ದಂತೆ ತಬಲಾ, ಕೊಳಲು ಸಮೇತ ಇಂಪಾಗಿ ಹಾಡತೊಡಗಿತು. ಹಾಡು ಮುಗಿದದ್ದೇ ಒಬ್ಬ ಗಂಭೀರ ದನಿಯ ಮಹಾಶಯ, “ಇಲ್ಲಿಯವರೆಗೆ...” ಎಂದು ಕಥೆಯ ಸಾರಾಂಶ ಹೇಳಲು ಸುರುಮಾಡಿದ.

ಮೊದಲು ಎದ್ದು ನಿಂತವರು ಕಾಕೂ. ಭಾಷೆ ತಿಳಿಯದಿದ್ದರೂ ಟಿವಿಯ ಮುಂದೆ ಆಯುಷ್ಯ ಕಳೆದವರಿಗೆ ಇಷ್ಟು ಸಾಲದೇ?

“ಅಗ, ಹೀ ತರ ಸಿರಿಯಲ್!” ಅಯ್ಯ, ಇದು ಧಾರಾವಾಹಿ ಎಂದರು.

ಬಾಗಿಲಲ್ಲಿ ನಮ್ಮವರು ಪ್ರತ್ಯಕ್ಷರಾದರು. ಕೈಯಲ್ಲಿ ಹೆಡ್‌ಫೋನು. “ಸುಮಿ, ಇದರಾಗ ಸಪ್ಪಳನ ಬರೂದಿಲ್ಲಲ? ಟಿವಿ ನೋಡಿದ್ರ ಬ್ಯಾರೆ ಯಾವುದಕ್ಕೋ ಜೋಡಿಸೇದ. ಎಂಟು ದಿನದಿಂದ ನೀ ಏನು ಕೇಳ್ಕೋತ ಕುಂತಿದ್ದಿ?” ಎಂದವರು, ಕೂದಲು ಕೆದರಿ, ಕುಂಕುಮ ಬಳಿದು, ಲಿಂಬೆಹಣ್ಣು ಹಿಡಿದು ನಿಂತ ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

ಅಂದು ನಾನು ಒತ್ತಿದ ಮೇಲಿನ ಹೆಸರು ಈ ಗೂಡಿನ ಹಿಂದಿನ ಸ್ಪೀಕರಿನದು ಎಂದು ಆಗ ಹೊಳೆಯಿತು. ನಾನು ಎಲ್ಲವನ್ನೂ ಹೇಳಿದೆ. ಹೇಳದೆ ಉಪಾಯವೇ ಇರಲಿಲ್ಲ, ಸಾರಾಂಶದ ಮಹಾಶಯ ಇನ್ನೂ ಮಾತಾಡುತ್ತಲೇ ಇದ್ದ. ಕಾಕೂ ನನ್ನನ್ನು ಎಷ್ಟು ಹೊತ್ತು ನೋಡಿದರೆಂದರೆ, ಒದೆ ಬೀಳುವುದು ಖಚಿತ ಎಂದುಕೊಂಡೆ. ಆಮೇಲೆ ಅವರ ಹೊಟ್ಟೆ ಕುಲುಕಿತು. ನಗು ತಡೆಯಲಾರದೆ ನೆಲದ ಮೇಲೆ ಕುಳಿತರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಗು ನಿಂತ ಮೇಲೆ ಅಣ್ಣಾರ ಕಡೆ ತಿರುಗಿ, “ಕೇಳಿದ್ರಿ? ಈಗ ಹೇಳ್ರಿ, ಡಾಕ್ಟರ ಕಡೆ ಯಾರು ಹೋಗಬೇಕು?” ಎಂದರು. ಅಣ್ಣಾ ನನ್ನ ಕಡೆ ಬೆರಳು ತೋರಿಸಿದರು.

ಬಾರಾಮತಿಯ ಚೀಲ ಬಿಚ್ಚಿದ್ದನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು. ಆದರೆ ಶಿಕ್ಷೆ ತಪ್ಪಲಿಲ್ಲ. ಇಷ್ಟು ಹೆದರಿಸಿದವಳು ಯಾರು ಎಂದು ನೋಡಲೇಬೇಕು ಎಂದು ಕಾಕೂ ಹಟ ಹಿಡಿದರು. ಮುಂದಿನ ಶನಿವಾರ ಅಷ್ಟೂ ಹೆಂಗಸರು ನಮ್ಮ ಮನೆಯಲ್ಲಿ. ನನ್ನ ದಿವಾನದ ಮೇಲೆ ನನಗೇ ಜಾಗವಿಲ್ಲ. ನಾನು ಟಿವಿಯ ಪಕ್ಕ ನಿಂತು ಮಾತುಮಾತನ್ನೂ ಮರಾಠಿಗೆ ತಿರುಗಿಸಿ ಹೇಳಬೇಕು.

ಎಲ್ಲಕ್ಕಿಂತ ಭೀಕರವಾದ ದೃಶ್ಯ ಬಂತು. ಪಾಳುಬಾವಿಯ ಕಟ್ಟೆಯ ಮೇಲೆ ನಿಂತು, ದುಷ್ಟ ಗೌಡನ ಕಡೆ ಬೆರಳು ಮಾಡಿ ತುಂಗಾಬಾಯಿ ಅಬ್ಬರಿಸಿದಳು: “ನಿನ್ನನ್ನು ಸುಮ್ಮನೆ ಬಿಡಲು ಬಂದವಳಲ್ಲ ನಾನು!”

ನನಗೂ ಆವೇಶ ಬಂತು. ಬೆರಳೆತ್ತಿ, ಕಣ್ಣರಳಿಸಿ, ಅದೇ ಅಬ್ಬರದಲ್ಲಿ ಮರಾಠಿಯಲ್ಲಿ ಕೂಗಿದೆ: “ಮೀ ತುಲಾ ಸೋಡಾಯ್ಲಾ ಆಲೋ!”

ಹೆಂಗಸರೆಲ್ಲ ಟಿವಿ ಬಿಟ್ಟು ನನ್ನ ಕಡೆ ತಿರುಗಿದರು. ಅವಸರದಲ್ಲಿ ‘ಅಲ್ಲ’ ಎಂಬುದು ಎಲ್ಲೋ ಬಿದ್ದುಹೋಗಿತ್ತು. ಮರಾಠಿಯಲ್ಲಿ ನಾನು ಹೇಳಿದ್ದರ ಅರ್ಥ, ‘ನಿನ್ನನ್ನು ಊರಿಗೆ ಬಿಟ್ಟುಬರಲು ಬಂದಿದ್ದೇನೆ’ ಎಂದು. ಅದೂ ಗಂಡಸು ಹೇಳಿದಂತೆ!

ಕಾಕೂ ಪರದೆಯ ಮೇಲಿನ ತುಂಗಾಬಾಯಿಯನ್ನು ಬಹಳ ಮೆಚ್ಚುಗೆಯಿಂದ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು:

“ಎಷ್ಟು ಛಲೋ ಭೂತ ನೋಡು. ನಮ್ಮನಿಯವರು ಸ್ವಾರಗೇಟ್ ಬಸ್ ಸ್ಟ್ಯಾಂಡಿನ ತನಕಾನೂ ಬಿಡಾಕ ಬರೂದಿಲ್ಲ!”