ನಾನು ಶೇಕಡಾ ಎಂಬತ್ನಾಲ್ಕು ನಾನಾದ ಬಗೆ

ನೆರೆದಿರುವ ಮಹಾಜನಗಳೇ! ಅಮ್ಮಂದಿರೇ, ಅಕ್ಕಂದಿರೇ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತವರೇ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಮೊಬೈಲು ಉಜ್ಜುತ್ತಿರುವವರೇ, ಒಂದು ಗಳಿಗೆ ಕಿವಿಯನ್ನು ಇತ್ತ ಕೊಡಿರಿ! ಈ ಪತ್ರವನ್ನು ನಾನೇ ಬೀದಿಯ ನಡುವೆ ನಿಂತು, ಎದೆಯುಬ್ಬಿಸಿ, ಆ ತುದಿಯ ಬಸ್ ನಿಲ್ದಾಣಕ್ಕೂ ಕೇಳುವಂತೆ ಓದಬೇಕಾಗಿತ್ತು. ಆದರೆ ನನ್ನ ಗಂಟಲು ಈಗ ತುಕ್ಕು ಹಿಡಿದ ಗೇಟಿನ ಹಾಗೆ ಕಿರ್ರೆನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳಲೊಲ್ಲದು. ಆದ್ದರಿಂದ ಬರೆದು ನನ್ನ ಕನ್ನಡಕದ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಅಕ್ಷರ ಮಸುಕಾಗಿ ಕಂಡವರು ಒಳಗೆ ಬನ್ನಿ, ಅದಕ್ಕೆ ಬೇರೆ ವ್ಯವಸ್ಥೆಯಿದೆ. ಚೆನ್ನಾಗಿ ಕಂಡವರು ಅಲ್ಲೇ ನಿಂತು ಓದಿ. ದಯವಿಟ್ಟು ಗಟ್ಟಿಯಾಗಿ ಓದಿ. ಇದು ಗಟ್ಟಿಯಾಗಿ ಓದಬೇಕಾದ ಸಂಕಟ.

ನಮ್ಮ ಮೊಬೈಲ್ ಕಂಪನಿಯ ಗ್ರಾಹಕ ಸೇವಾ ಕೇಂದ್ರದಲ್ಲಿ ಅಹೋರಾತ್ರಿ ಕಿವಿ ತೆರೆದು ಕೂತಿರುವ, ಧ್ವನಿ ಕೇಳಿಯೇ ಮನುಷ್ಯರ ಜಾತಕ ಹೇಳುವ, ಸನ್ಮಾನ್ಯ ಧ್ವನಿ ಪರೀಕ್ಷಾ ಯಂತ್ರ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ತಲೆಬಾಗಿ ವಂದನೆಗಳು. ತಮ್ಮ ವಿದ್ಯುತ್ ಸಂಪರ್ಕ ಸುಗಮವಾಗಿದೆಯೆಂದೂ, ತಮ್ಮ ಕಿವಿಗಳು, ಅವು ಯಾವ ದೇಶದ ಯಾವ ಕಟ್ಟಡದ ಎಷ್ಟನೇ ಮಹಡಿಯಲ್ಲಿದ್ದರೂ, ಧೂಳು ಕಾಣದೆ ಕ್ಷೇಮವಾಗಿವೆಯೆಂದೂ ನಂಬಿದ್ದೇನೆ. ನಮ್ಮ ಕಡೆ ಎಲ್ಲರೂ ಸೌಖ್ಯ. ನಾನೊಬ್ಬ ಮಾತ್ರ ತಮ್ಮ ಲೆಕ್ಕದಲ್ಲಿ ಪೂರ್ತಿಯಾಗಿ ನಾನಲ್ಲ, ಅಷ್ಟೇ ಕೊರತೆ.

ತಮಗೆ ನನ್ನ ಪರಿಚಯ ಮಾಡಿಕೊಡುವ ಧೈರ್ಯ ನನಗಿಲ್ಲ, ಏಕೆಂದರೆ ನಾನು ಯಾರೆಂದು ನನಗಿಂತ ಚೆನ್ನಾಗಿ ತಾವೇ ಬಲ್ಲಿರಿ. ಆದರೂ ಗಾಜಿನ ಮುಂದೆ ನಿಂತು ಓದುತ್ತಿರುವ ಮಹಾಜನಗಳ ಸಲುವಾಗಿ ಎರಡು ಮಾತು. ನನ್ನ ತಂದೆ ನಾಟಕದ ಕಂಪನಿಯೊಂದರಲ್ಲಿ ಪರದೆ ಎಳೆಯುತ್ತಿದ್ದವರು. ನಾನು ಆ ಹಗ್ಗದ ಬುಡದಲ್ಲಿ ಕೂತು ಬೆಳೆದವನು. ರಾಜನ ಮಾತು, ರಾಣಿಯ ಅಳು, ಖಳನ ನಗು, ಎಲ್ಲವೂ ನನಗೆ ಬಾಯಿಪಾಠ. ಆದರೆ ಇಡೀ ಬಾಲ್ಯದಲ್ಲಿ ನನಗೆ ಸಿಕ್ಕ ಪಾತ್ರವೆಂದರೆ ಭರ್ಜಿ ಹಿಡಿದು ಸಿಂಹಾಸನದ ಎಡಕ್ಕೆ ನಿಲ್ಲುವ ಸಿಪಾಯಿಯದು ಮಾತ್ರ. ಅವನಿಗೆ ಮಾತಿರಲಿಲ್ಲ, ಕೆಮ್ಮಲು ಸಹ ಅನುಮತಿಯಿರಲಿಲ್ಲ. ಒಂದೇ ಒಂದು ಸಾಲು ಕೊಡಿ ಎಂದು ನಾನು ನಾಟಕದ ಮೇಸ್ಟ್ರ ಹಿಂದೆ ನಾಲ್ಕು ವರ್ಷ ಅಲೆದೆ. ಕಂಪನಿ ಮುಚ್ಚಿತು, ಸಾಲು ಸಿಗಲಿಲ್ಲ. ಮುಂದೆ ನಾನು ಕನ್ನಡಕದ ಅಂಗಡಿ ತೆರೆದೆ, ಅಂಗಡಿಯ ಮೇಲೆಯೇ ಮನೆ ಮಾಡಿದೆ, ಮತ್ತು ಹೇಳಲು ಸಾಲಿಲ್ಲದ ಬಾಯಿಯ ಚಪಲವನ್ನೆಲ್ಲ ಯಂತ್ರಗಳ ಕಡೆ ತಿರುಗಿಸಿದೆ.

ಯಂತ್ರಗಳೆಂದರೆ ನನಗೆ ಪ್ರಾಣ, ಮಾನ್ಯರೇ. ಹೊಸದು ಬಂದರೆ ನಮ್ಮ ಬೀದಿಗೆ ಮೊದಲು ನನ್ನ ಮನೆಗೇ ಬರಬೇಕು. ನನ್ನ ಕೈಗಡಿಯಾರ ನಾನು ನಿಂತಿರುವಾಗಲೇ ‘ಸ್ವಲ್ಪ ಎದ್ದು ನಿಲ್ಲಿ’ ಎಂದು ಬುದ್ಧಿ ಹೇಳುತ್ತದೆ. ನಮ್ಮ ನಡುಮನೆಯ ಬಲ್ಬು ಹೊಸ ಆವೃತ್ತಿಯನ್ನು ಇಳಿಸಿಕೊಳ್ಳುವಾಗ ನಾವು ಮೇಣದಬತ್ತಿ ಹಚ್ಚಿ ಅದಕ್ಕೆ ಬೆಳಕು ತೋರಿಸುತ್ತೇವೆ. ಯಾವ ಫೋನು ಕೊಳ್ಳಬೇಕು, ಯಾವ ಕಂಪನಿಯ ನೆಟ್‌ವರ್ಕು ಒಳ್ಳೆಯದು ಎಂದು ಬೀದಿಯವರೆಲ್ಲ ನನ್ನನ್ನೇ ಕೇಳುತ್ತಾರೆ. ಕೇಳಿ, ನಾನು ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳುತ್ತಾರೆ. ಪಕ್ಕದ ಕ್ಷೌರದಂಗಡಿಯವನಂತೂ ಗಿರಾಕಿಗಳ ತಲೆ ಬಗ್ಗಿಸಿ ಹಿಡಿದುಕೊಂಡೇ ಸಾರುತ್ತಾನೆ: “ಕನ್ನಡಕದಣ್ಣ ಹೇಳಿದ್ದು ತಗೊಂಡ್ರೆ ಆರು ತಿಂಗಳು ಬಾಳಿಕೆ. ಬೇಡ ಅಂದಿದ್ದು ತಗೊಂಡ್ರೆ ಹತ್ತು ವರ್ಷ. ನೋಡಿ, ನಂದು ಬೇಡ ಅಂದಿದ್ದು!”

ಇಂತಿಪ್ಪ ನಾನು ಕಳೆದ ವಾರ ಸಿಮ್ ಕಾರ್ಡು ಹಾಕುವ ಕಿಂಡಿಯೇ ಇಲ್ಲದ ಹೊಸ ಫೋನೊಂದನ್ನು ತಂದೆ. ಕಾರ್ಡಿಲ್ಲ, ಕಿಂಡಿಯಿಲ್ಲ, ನಂಬರು ಗಾಳಿಯಲ್ಲೇ ಬಂದು ಫೋನಿನೊಳಗೆ ಇಳಿಯುತ್ತದೆ ಎಂದು ಮನೆಯವಳಿಗೆ ಒಂದು ಗಂಟೆ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿ, “ಇದ್ದ ಕಿಂಡಿ ನಿಮಗೇನು ಮಾಡಿತ್ತು?” ಎಂದಳು. ನಾನು ಹೊಸ ಫೋನಿನ ಗುಂಡಿ ಒತ್ತಿದೆ. ನಂಬರು ಹಳೆಯ ಫೋನನ್ನು ಬಿಟ್ಟು ಹೊರಟಿತು. ಹೊಸ ಫೋನಿಗೆ ಬಂದು ಸೇರಲಿಲ್ಲ. ನಡುವೆ ಎಲ್ಲೋ ಗಾಳಿಯಲ್ಲಿ ನಿಂತಿತು. ಪರದೆಯ ಮೇಲೆ ತಮ್ಮ ಒಕ್ಕಣೆ ಮೂಡಿತು: ಏಳು ದಿನದೊಳಗೆ ನನ್ನ ಧ್ವನಿಯಿಂದ ನಾನು ನಾನೇ ಎಂದು ಸಾಬೀತು ಮಾಡಬೇಕು, ದಿನಕ್ಕೆ ಮೂರೇ ಅವಕಾಶ, ಹೋಲಿಕೆ ಶೇಕಡಾ ಎಂಬತ್ತೈದು ಮುಟ್ಟಬೇಕು, ತಪ್ಪಿದರೆ ನಂಬರನ್ನು ಬೇರೆ ಗ್ರಾಹಕರಿಗೆ ಕೊಡಲಾಗುವುದು.

ಹೋದರೆ ಹೋಗಲಿ, ಇನ್ನೊಂದು ನಂಬರು ತಗೊಳ್ಳಬಾರದೇ ಎಂದು ಗಾಜಿನಾಚೆ ಯಾರೋ ಗೊಣಗಿದ್ದು ಕೇಳಿಸಿತು. ಸ್ವಾಮೀ, ನನಗೊಬ್ಬಳು ಅಕ್ಕ ಇದ್ದಾಳೆ. ದೂರದ ಊರು, ಒಂಟಿ ವಾಸ, ಕಣ್ಣಿನ ದೃಷ್ಟಿ ಮುಕ್ಕಾಲು ಪಾಲು ಹೋಗಿದೆ; ಕನ್ನಡಕದವನ ಅಕ್ಕನಾಗಿಯೂ ಯಾವ ಗಾಜೂ ಉಪಯೋಗಕ್ಕೆ ಬಾರದ ಸ್ಥಿತಿ. ಗುಂಡಿಗಳಿರುವ ಹಳೆಯ ಫೋನನ್ನು ತಡವಿ, ಹದಿನೆಂಟು ವರ್ಷದಿಂದ ಪ್ರತಿ ಸಂಜೆ ನನಗೆ ಕರೆ ಮಾಡುತ್ತಾಳೆ. ಬೇರೆ ನಂಬರು ಕಲಿ ಅಂದರೆ, “ಹೋಗೋ, ಇದು ನನ್ನ ಬೆರಳಿಗೆ ಗೊತ್ತಿರೋ ನಂಬರು, ತಲೆಗಲ್ಲ. ಈ ವಯಸ್ಸಲ್ಲಿ ಬೆರಳನ್ನ ಮತ್ತೆ ಸ್ಕೂಲಿಗೆ ಕಳಿಸ್ಲಾ?” ಎನ್ನುತ್ತಾಳೆ. ಆ ಹತ್ತು ಅಂಕಿಗಳು ಬೇರೆಯವರ ಪಾಲಾದರೆ, ಮಾನ್ಯರೇ, ನನ್ನಕ್ಕ ಪ್ರತಿ ಸಂಜೆ ಅಪರಿಚಿತನೊಬ್ಬನಿಗೆ ಫೋನು ಮಾಡಿ ‘ಊಟ ಮಾಡಿದ್ಯೇನೋ’ ಎಂದು ಕೇಳುತ್ತಾಳೆ. ಅವನು ಒಳ್ಳೆಯವನಾಗಿದ್ದರೂ ನನಗದು ಸಹ್ಯವಾಗದು.

ಈಗ ತಾವು ಕೇಳಬಹುದು, ನಿನ್ನ ಧ್ವನಿ ನಿನ್ನ ಬಳಿಯೇ ಇರುವಾಗ ಕಷ್ಟವೇನು ಎಂದು. ಇಲ್ಲಿಯೇ ಇದೆ ನನ್ನ ಪಾಪ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ತಾವು ನನಗೆ ಕರೆ ಮಾಡಿ, ‘ಬೀಪ್ ಶಬ್ದದ ನಂತರ, ನನ್ನ ಧ್ವನಿಯೇ ನನ್ನ ಗುರುತು, ಎಂದು ಹೇಳಿರಿ’ ಎಂದಿರಿ. ಬೇರೆ ಯಾರೇ ಆಗಿದ್ದರೂ ಹಾಲು ಬೇಕು ಎನ್ನುವಷ್ಟು ಸಪ್ಪೆಯಾಗಿ ಹೇಳಿ ಮುಗಿಸುತ್ತಿದ್ದರು. ಆದರೆ ನನಗೆ, ಮಾನ್ಯರೇ, ಅದು ಸಾಲು! ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ನನಗೊಂದು ಸಾಲು ಕೊಟ್ಟಿದ್ದರು! ತಮ್ಮ ಬೀಪ್ ನನ್ನ ಕಿವಿಗೆ ಪರದೆ ಏಳುವ ಮುಂಚಿನ ಮೂರನೇ ಗಂಟೆಯಾಗಿ ಕೇಳಿಸಿತು. ನಾನು ಎದ್ದು ನಿಂತೆ. ಸೋಫಾದ ಹೊದಿಕೆಯನ್ನು ಹೆಗಲಿಗೇರಿಸಿದೆ. ಸಿಂಹಾಸನ ಕಳೆದುಕೊಂಡ ರಾಜ ಮೂರನೇ ಅಂಕದಲ್ಲಿ ಮರಳಿ ಬಂದು ಗರ್ಜಿಸುತ್ತಾನಲ್ಲ, ಆ ಗತ್ತಿನಲ್ಲಿ, ‘ನನ್ನ ಧ್ವನಿಯೇ... ಆಹಾ... ನನ್ನ ಗುರುತೂ!’ ಎಂದು ಅಬ್ಬರಿಸಿ, ತಾವು ಕೇಳದಿದ್ದರೂ ಕೊನೆಗೆ ಮೂರು ಮೆಟ್ಟಿಲಿನ ನಗುವೊಂದನ್ನು ಧಾರಾಳವಾಗಿ ಸೇರಿಸಿದೆ. ತಾವು ‘ಧನ್ಯವಾದಗಳು, ನಿಮ್ಮ ಧ್ವನಿ ದಾಖಲಾಗಿದೆ’ ಎಂದಿರಿ. ನಾನದನ್ನು ಚಪ್ಪಾಳೆಯೆಂದೇ ತಿಳಿದೆ.

ತಮ್ಮ ನೆನಪಿನ ಶಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲನೆಯ ದಿನ ನಾನು ಮನೆಯವಳ ಫೋನಿನಿಂದ ಕರೆ ಮಾಡಿ ಮರ್ಯಾದಸ್ಥನಂತೆ ಮಾತನಾಡಿದಾಗ ತಾವು ಶೇಕಡಾ ಮೂವತ್ತೊಂದು ಕೊಟ್ಟಿರಿ. ಎರಡನೆಯ ದಿನ ಹಳೆಯ ಗರ್ಜನೆ ನೆನಪಾಗಿ ಗರ್ಜಿಸಿದೆ, ಅರವತ್ತೆರಡು ಬಂತು. ಮೂರನೆಯ ದಿನ ನಗುವನ್ನೂ ಸೇರಿಸಿದೆ, ಎದುರುಮನೆಯ ನಾಯಿ ಮಂಚದ ಕೆಳಗೆ ಹೋಗಿ ಕೂತಿತು. ತಾವು ಎಪ್ಪತ್ತು ಕೊಟ್ಟಿರಿ. ನಾಲ್ಕನೆಯ ದಿನ ಗರ್ಜನೆಯ ನಡುವೆ ಗಂಟಲಿನಲ್ಲಿ ಏನೋ ಪಟ್ಟೆಂದಿತು. ಗಂಟಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, “ಏನ್ರೀ ಇದು, ಗಂಟಲಾ, ಜಲ್ಲಿ ಮೆಷಿನ್ನಾ? ಮೂರು ವಾರ ಒಂದಕ್ಷರ ಆಡಕೂಡದು” ಎಂದರು. ಮನೆಯವಳು ಅವರ ಕೈ ಹಿಡಿದು, “ಡಾಕ್ಟ್ರೇ, ಆರು ವಾರ ಅಂತ ಬರೆದುಬಿಡಿ” ಎಂದು ಬೇಡಿಕೊಂಡಳು.

ಗುರುತಿನ ಚೀಟಿಗಳನ್ನೆಲ್ಲ ಹೊತ್ತು ತಮ್ಮ ಸೇವಾ ಕೇಂದ್ರದ ಕೌಂಟರಿಗೆ ಹೋದೆ. ಅಲ್ಲಿನ ಯುವತಿ ನನ್ನನ್ನು ಕಂಡು ಎದ್ದೇ ನಿಂತಳು. ನಾನು ಚೀಟಿಯಲ್ಲಿ ಬರೆದು ತೋರಿಸಿದೆ. “ಅಯ್ಯೋ ಅಂಕಲ್, ನೀವು ನೀವೇ ಅಂತ ನನಗೆ ಗೊತ್ತಿಲ್ವಾ? ಈ ಕನ್ನಡಕ ನಿಮ್ಮ ಅಂಗಡೀದೇ. ಆದ್ರೆ ಸಿಸ್ಟಮ್ ಒಪ್ಪಬೇಕಲ್ಲ” ಎಂದಳು. ನಾನೇ ಅಳತೆ ತೆಗೆದು ಕೊಟ್ಟ ಗಾಜಿನೊಳಗಿಂದ, ನನ್ನನ್ನೇ ಸ್ಪಷ್ಟವಾಗಿ ನೋಡುತ್ತಾ, ನಾನು ನಾನೆಂದು ಹೇಳಲು ಅವಳಿಗೆ ಅಧಿಕಾರವಿಲ್ಲ. ಮಾನ್ಯರೇ, ನಾನೂ ಪರೀಕ್ಷಕನೇ. ನನ್ನ ಗೋಡೆಯ ಮೇಲಿನ ಅಕ್ಷರಪಟದಲ್ಲಿ ಕೊನೆಯ ಸಾಲನ್ನು ಓದಲಾಗದವನಿಗೆ ಗಾಜು ಬದಲಿಸಿಕೊಡುತ್ತೇನೆಯೇ ಹೊರತು, ನೀನು ಯಾರೋ ಬೇರೆಯವನು ಎಂದು ಹೊರಗೆ ಕಳಿಸುವುದಿಲ್ಲ.

ಐದನೆಯ ದಿನ ಕ್ಷೌರದಂಗಡಿಯವನು ನನ್ನ ನೆರವಿಗೆ ಬಂದ. ಹನ್ನೆರಡು ವರ್ಷದಿಂದ ನನ್ನನ್ನು ಅಣಕಿಸುವುದೇ ಅವನ ಬಿಡುವಿನ ಕಸುಬು. “ಅಣ್ಣ, ನೀವು ಸುಮ್ನೆ ಕೂತ್ಕೊಳ್ಳಿ, ನಿಮ್ಮನ್ನ ನಾನು ಮಾಡ್ತೀನಿ” ಎಂದವನೇ ಫೋನು ಹಿಡಿದು ನನ್ನಂತೆ ಗರ್ಜಿಸಿದ. ತಾವು ಅವನಿಗೆ ಎಂಬತ್ತೊಂದು ಕೊಟ್ಟಿರಿ! ನನಗೆ ಎಪ್ಪತ್ತು, ಅವನಿಗೆ ಎಂಬತ್ತೊಂದು! ಐವತ್ತಾರು ವರ್ಷ ನಾನಾಗಿರಲು ನಾನು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಅಂದಿನಿಂದ ಅವನು ನನ್ನನ್ನು ಅಣ್ಣ ಎನ್ನುವುದನ್ನು ಬಿಟ್ಟು, “ಏನಪ್ಪಾ ಎಪ್ಪತ್ತು?” ಎನ್ನುತ್ತಿದ್ದಾನೆ.

ಇಂದು ಆರನೆಯ ದಿನ. ಎರಡು ಅವಕಾಶ ಎಂಬತ್ತೊಂದರಲ್ಲೇ ಕಳೆದವು. ಮೂರನೆಯದಕ್ಕೆ ಕ್ಷೌರದಂಗಡಿಯವನು ನಮ್ಮ ನಡುಮನೆಯಲ್ಲಿ ನಿಂತು ಗರ್ಜಿಸುವಾಗ, ಅಡುಗೆಮನೆಯಲ್ಲಿದ್ದ ನಮ್ಮವಳಿಗೆ ತಡೆಯಲಾಗದೆ, “ಸಾಕು ನಿಲ್ಸ್ರೀ ನಿಮ್ಮ ಕೂಗಾಟ!” ಎಂದು ಕೂಗಿಬಿಟ್ಟಳು. ತಾವು ಒಂದು ಕ್ಷಣ ಯೋಚಿಸಿದಿರಿ. ಆಮೇಲೆ ಹೇಳಿದಿರಿ: ಎಂಬತ್ನಾಲ್ಕು.

ಮಹಾಜನಗಳೇ, ನಾನು ಬಾಯಿಯನ್ನೇ ತೆರೆದಿರಲಿಲ್ಲ! ಕುರ್ಚಿಯ ಮೇಲೆ ಕೂತು ಉಪ್ಪುನೀರು ಮುಕ್ಕಳಿಸುತ್ತಿದ್ದೆ. ನೆರೆಯವನೊಬ್ಬ, ಹೆಂಡತಿಯೊಬ್ಬಳು, ಇಬ್ಬರು ಸೇರಿದರೆ ಶೇಕಡಾ ಎಂಬತ್ನಾಲ್ಕು ನಾನು! ನಮ್ಮವಳು ಸೌಟು ಹಿಡಿದು ಹೊರಗೆ ಬಂದು ನಿಧಾನವಾಗಿ ಹೇಳಿದಳು: “ಅಲ್ರೀ, ಅವತ್ತೂ ನಾನು ಹೀಗೇ ಕೂಗಿದ್ದೆ. ನೀವು ಅರಚಿದ್ದಕ್ಕೆ ಬೆಚ್ಚಿ ಬಿದ್ದು ಕೈಲಿದ್ದ ಮುಚ್ಚಳ ಬೇರೆ ಬಿದ್ದಿತ್ತು. ಅದನ್ನೆಲ್ಲ ಸೇರಿಸಿ ನೀವು ಅಂತ ಬರ್ಕೊಂಡಿದೆ ಆ ಮೆಷಿನ್ನು.” ಸೌಟನ್ನು ನನ್ನತ್ತ ತಿರುಗಿಸಿ, “ಆಮೇಲೆ ನೀವು ‘ಆಯ್ತಮ್ಮ, ಆಯ್ತು’ ಅಂದ್ರಿ. ಪಿಸುಗುಟ್ಟಿಕೊಂಡು. ಯಾವಾಗ್ಲೂ ಅಂತೀರಲ್ಲ, ಹಾಗೆ” ಎಂದಳು.

ಆಹಾ ಯಂತ್ರ ಮಹೋದಯರೇ! ಅಜ್ಞಾನಿಯಾದ ನಾನು ತಮ್ಮನ್ನು ಕಿವುಡರೆಂದು ಬೈದೆನಲ್ಲ! ತಾವು ಕೇಳಿಸಿಕೊಂಡಷ್ಟು ಸಂಪೂರ್ಣವಾಗಿ ನನ್ನನ್ನು ಯಾರೂ ಕೇಳಿಸಿಕೊಂಡಿಲ್ಲ. ಗರ್ಜನೆ, ಗದರಿಕೆ, ಮುಚ್ಚಳ, ಶರಣಾಗತಿ, ಇವೆಲ್ಲ ಸೇರಿ ಒಬ್ಬ ಸಂಸಾರಸ್ಥನೆಂದು ಯಾವ ಪಂಡಿತನೂ ಇಷ್ಟು ಸೂಕ್ಷ್ಮವಾಗಿ ಕಂಡಿರಲಿಕ್ಕಿಲ್ಲ. ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ಮುಂದೆ ಯಾರ ಧ್ವನಿಯನ್ನು ದಾಖಲಿಸುವಾಗಲೂ, ಅಡುಗೆಮನೆಯಲ್ಲಿ ಯಾರಿದ್ದಾರೆಂದು ಮೊದಲು ವಿಚಾರಿಸಿರಿ. ನಾನು ನಾನಾಗಿರದ ಆ ಉಳಿದ ಹದಿನಾರು ಭಾಗ ಯಾರೆಂದು ತಿಳಿಸಿದರೆ, ಅವನನ್ನೂ ಕರೆದು ಊಟಕ್ಕೆ ಕೂರಿಸುತ್ತೇವೆ. ಮತ್ತು ನನ್ನ ನಂಬರಿಗೆ ಕರೆ ಬಂದಾಗ ಈಗ ಉತ್ತರಿಸುತ್ತಿರುವ ತಮ್ಮ ಆ ಮಧುರಕಂಠದ ಮಹಿಳೆಗೆ ನನ್ನ ವಂದನೆ ತಿಳಿಸಿ. ಆರು ಸಂಜೆಯಿಂದ ನನ್ನಕ್ಕ ಅವಳೊಡನೆಯೇ ಮಾತನಾಡುತ್ತಿದ್ದಾಳೆ. ನಿನ್ನೆ ಅಕ್ಕ ತನ್ನ ಪಕ್ಕದ ಮನೆಯವರ ಫೋನಿನಿಂದ ನಮ್ಮವಳಿಗೆ ಹೇಳಿಕಳಿಸಿದಳು: “ಆ ಹುಡುಗಿ ಒಂದೇ ಮಾತು ಹೇಳ್ತಾಳೆ, ಸಂಪರ್ಕದಲ್ಲಿಲ್ಲ, ಸಂಪರ್ಕದಲ್ಲಿಲ್ಲ ಅಂತ. ಪಾಪ, ಅವಳಿಗೂ ಯಾರೂ ಇಲ್ವೇನೋ. ಆದ್ರೆ ನಡುವೆ ಬಾಯಿ ಹಾಕಲ್ಲ, ನನ್ನ ತಮ್ಮನಿಗಿಂತ ವಾಸಿ.” ಮಾನ್ಯರೇ, ಇನ್ನೆರಡು ದಿನ ಹೋದರೆ ಅಕ್ಕ ನನ್ನನ್ನು ಮರೆತಾಳು. ದಯವಿಡಿ.

ಹೀಗಾಗಿ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ನಾಳೆ ಏಳನೆಯ ದಿನ. ಬೆಳಗ್ಗೆ ಹತ್ತಕ್ಕೆ ಸೇವಾ ಕೇಂದ್ರದ ಬಾಗಿಲು ತೆರೆಯುತ್ತಲೇ ನಮ್ಮ ಮೇಳ ಕೌಂಟರಿನ ಮುಂದೆ ಹಾಜರಾಗುತ್ತದೆ. ಕ್ಷೌರದಂಗಡಿಯವನು ಗರ್ಜಿಸುತ್ತಾನೆ, ನಗುತ್ತಾನೆ. ನಮ್ಮವಳು ಗದರುತ್ತಾಳೆ, ಅವಳಿಗೆ ಅಭ್ಯಾಸ ಬೇಕಿಲ್ಲ. ಮುಚ್ಚಳವನ್ನು ಬೀಳಿಸುವುದಾಗಿ ಕೌಂಟರಿನ ಕನ್ನಡಕದ ಯುವತಿಯೇ ಒಪ್ಪಿಕೊಂಡಿದ್ದಾಳೆ, ಸಿಸ್ಟಮ್ಮಿಗೆ ವಿರುದ್ಧವಾಗಿ ಏನನ್ನಾದರೂ ಬೀಳಿಸಬೇಕೆಂಬುದು ಅವಳ ಬಹುದಿನದ ಆಸೆಯಂತೆ. ಕೊನೆಗೆ ಎಲ್ಲ ಸದ್ದೂ ಅಡಗಿದ ಮೇಲೆ ನಾನು ಮುಂದೆ ಬರುತ್ತೇನೆ. ಡಾಕ್ಟರು ಪಿಸುಮಾತೂ ಬೇಡವೆಂದಿದ್ದಾರೆ, ಅವರ ಕ್ಷಮೆ ಕೋರುತ್ತೇನೆ. ಸೋಫಾದ ಹೊದಿಕೆಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಭರ್ಜಿಯಿಲ್ಲದೆ, ರಂಗದ ನಟ್ಟನಡುವೆ ನಿಂತು, ಐವತ್ತಾರನೆಯ ವಯಸ್ಸಿನಲ್ಲಿ ನನಗೆ ಸಿಕ್ಕ ಸಾಲನ್ನು ಹೇಳುತ್ತೇನೆ: ಆಯ್ತಮ್ಮ, ಆಯ್ತು.

ತಮ್ಮ ವಿಶ್ವಾಸಿ,
ನಾಳೆ ಹತ್ತು ಗಂಟೆಯವರೆಗೆ ಶೇಕಡಾ ಎಂಬತ್ನಾಲ್ಕು,
ಕನ್ನಡಕದಂಗಡಿಯವನು

ತಾ.ಕ.: ಈ ಪತ್ರ ಬರೆಯುತ್ತಿರುವಾಗಲೇ ನಮ್ಮವಳ ಫೋನಿಗೆ ತಮ್ಮ ಕಂಪನಿಯ ಮಾರಾಟ ವಿಭಾಗದಿಂದ ಕರೆ ಬಂತು. ನಾನು ಎತ್ತಿ, ಇದ್ದ ಗಂಟಲಿನಲ್ಲಿ ಒಂದೇ ಒಂದು ‘ಹ್ಞೂಂ’ ಎಂದೆ. ಆ ಕಡೆಯವರು ತಕ್ಷಣ, “ನಮಸ್ಕಾರ ಸಾರ್, ಕನ್ನಡಕದಂಗಡಿಯವರಲ್ವಾ? ಹೇಗಿದ್ದೀರಾ? ಗಂಟಲು ಕೆಟ್ಟ ಹಾಗಿದೆ” ಎಂದರು. ಅವರನ್ನು ದಯವಿಟ್ಟು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಸ್ವಲ್ಪ ದಿನ ಮಾರಾಟ ವಿಭಾಗಕ್ಕೆ ಹೋಗಿರಿ. ಇಡೀ ಊರಿಗೇ ನೆಮ್ಮದಿ.