ಕೂರಲಾರದ ಗೈಡು

ಕೆಲವು ಕಾಯಿಲೆಗಳಿಗೆ ಮರ್ಯಾದೆಯಿದೆ. ಬಿ.ಪಿ., ಶುಗರ್ ಬಂದವರು ಊಟದ ಪಂಕ್ತಿಯಲ್ಲೂ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ನನಗೆ ಬಂದದ್ದು ಭಗಂದರ. ಗುದದ ಪಕ್ಕ ಒಂದು ತೂತು, ಅಲ್ಲಿಂದ ಒಳಕ್ಕೊಂದು ಸುರಂಗ. ಹೋದ ವರ್ಷ ಕೊಯ್ಯಿಸಿಕೊಂಡರೂ ಮತ್ತೆ ಬಾಯಿ ತೆರೆಯಿತು. ಹಳೇಬೀಡಿನ ಗುಡಿಯಲ್ಲಿ ನಾನು ಗೈಡು. ನಿಂತೇ ದುಡಿಯುವವನಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಖಾಲಿ ಬಸ್ಸಿನಲ್ಲೂ ನಿಂತಿರುವುದನ್ನು ಕಂಡು ಕಂಡಕ್ಟರು ಮಾತ್ರ, "ಸೀಟೈತಲ್ಲ ಸ್ವಾಮಿ, ಕೂತ್ಕಳಿ" ಎಂದು ಪ್ರಾಣ ತಿನ್ನುತ್ತಿದ್ದ.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಧಾರೆಗೆ ಮಣೆಯ ಮೇಲೆ ಗಂಟೆಗಟ್ಟಲೆ ಕೂರಲೇಬೇಕು. ಅರಸೀಕೆರೆಯ ಸರ್ಜನ್ನರು, ಸುರಂಗದ ದಾರಿ ತಿಳಿಯದೆ ಇನ್ನೊಮ್ಮೆ ಕೊಯ್ದರೆ ಮಲ ತಡೆಯುವ ಹಿಡಿತದ ಸ್ನಾಯುವೇ ಹೋದೀತು, ಮೊದಲು ಎಂ.ಆರ್.ಐ. ಮಾಡಿಸಿ ಎಂದು ಚೀಟಿ ಬರೆದರು. ಧಾರೆಯ ಮಣೆಯ ಮೇಲೆ ಹಿಡಿತ ತಪ್ಪಿದರೆ? ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಹಾಸನದ ಸ್ಕ್ಯಾನ್ ಸೆಂಟರಿನ ಕೌಂಟರಿನಲ್ಲಿ ಕೂತಿದ್ದವಳು ನಮ್ಮ ಬೇಲೂರಿನ ಹೊಸ ಬೀಗರ ತಂಗಿಯ ಮಗಳು! "ಏನಾಯ್ತು ಮಾಮ?" ಎಂದಳು. ಚೀಟಿಯ ಮೇಲಿದ್ದ ಕೈ ಜೇಬಿನಲ್ಲೇ ಉಳಿಯಿತು. ಸೊಂಟನೋವು, ಚೀಟಿ ಮನೆಯಲ್ಲಿ ಮರೆತೆ ಎಂದುಬಿಟ್ಟೆ. ಅವಳು ಪಾಪ, ನಂಬಿ ಹಾಗೇ ಬರೆದುಕೊಂಡಳು. ಜೊತೆಗಿದ್ದ ನನ್ನ ಹೆಂಡತಿ ಜಯಮ್ಮ ಹಣೆ ಚಚ್ಚಿಕೊಂಡಳು.

ಯಂತ್ರದೊಳಗೆ ಮಲಗಿಸಿ, ಗಾಬರಿಯಾದರೆ ಒತ್ತಿ ಎಂದು ಕೈಗೊಂದು ರಬ್ಬರ್ ಚೆಂಡು ಕೊಟ್ಟರು. ಟಕಟಕ ಸದ್ದು ಶುರುವಾಯಿತು. ಉಳಿಯ ಸದ್ದೇ ಅದು. ಕಣ್ಣು ಮುಚ್ಚಿದೆ, ತಣ್ಣನೆಯ ಗಾಳಿ, ಎಳೆಬಿಸಿಲು, ನಮ್ಮ ಗುಡಿಯ ಗೋಡೆ. ಆನೆಗಳ ಸಾಲು, ಸಿಂಹಗಳ ಸಾಲು, ಅದರ ಮೇಲೆ ಸುತ್ತಿ ಸುತ್ತಿ ಹರಿಯುವ ಕಲ್ಲಿನ ಬಳ್ಳಿ. ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡ ಮುದುಕ ಶಿಲ್ಪಿಯೊಬ್ಬ ತಿರುಗಿ, ಈ ಬಳ್ಳಿಯ ಬುಡ ಎಲ್ಲಿ ತೋರಿಸು ಎಂದ. ಇಪ್ಪತ್ತು ವರ್ಷದಿಂದ ಜನಕ್ಕೆ ತೋರಿಸುತ್ತಿರುವ ನಾನು ಬೇರೆಲ್ಲೋ ಬೆರಳಿಟ್ಟೆ. ಅವನು ನಾನು ಬೆರಳಿಟ್ಟಲ್ಲೇ ಉಳಿಯಿಟ್ಟು ಸುತ್ತಿಗೆ ಎತ್ತಿದ.

ಚೆಂಡನ್ನು ಹಿಂಡಿಯೇಬಿಟ್ಟೆ. ಓಡಿಬಂದ ಟೆಕ್ನಿಷಿಯನ್ ಹುಡುಗನಿಗೆ, "ಸುಳ್ಳು ಹೇಳಿದೀನಿ ಕಣಪ್ಪ. ನೋವು ಸೊಂಟದಲ್ಲಲ್ಲ, ಕೂರೋ ಜಾಗದಲ್ಲಿ" ಎಂದೆ. ಅವನು ನಗಲಿಲ್ಲ. ದಿನಾ ಇದಕ್ಕೇ ಯಾರಾದರೂ ಬರುತ್ತಾರೆ ಎಂದು, ಹೊರಗೆ ಕಳಚಿಟ್ಟಿದ್ದ ಪ್ಯಾಂಟಿನ ಜೇಬಿನಿಂದ ಚೀಟಿ ತರಿಸಿಕೊಂಡು ಹೊಸದಾಗಿ ಶುರುಮಾಡಿದ. ಕೌಂಟರಿನವಳಿಗೆ ಹೇಳಬೇಡವೆಂದು ಅವನ ಕೈ ಹಿಡಿದು ಬೇಡಿಕೊಂಡೆ.

ಆಮೇಲೆ ಸ್ಕ್ಯಾನ್ ಸೆಂಟರಿನ ಡಾಕ್ಟರಮ್ಮ ಪರದೆಯ ಮೇಲೆ ಪದರ ಪದರವಾಗಿ ತೋರಿಸಿದರು, ಥೇಟ್ ಗೈಡಿನ ಹಾಗೆ. ಬುಡ ಇಲ್ಲಿ, ಬಾಯಿ ಅಲ್ಲಿ, ನಡುವೆ ಹೋದ ಸಲ ಯಾರ ಕಣ್ಣಿಗೂ ಬೀಳದ ಒಂದು ಕವಲು. "ಸ್ನಾಯುವಿನ ಕೆಳಗಿನ ಅಂಚನ್ನಷ್ಟೇ ದಾಟಿದೆ. ಎಲ್ಲಾ ಬರೆದಿದೀನಿ, ಸರ್ಜನ್ ಜೋಪಾನ ಮಾಡ್ತಾರೆ. ಹೆದರಬೇಡಿ" ಎಂದರು. ನನಗೆ ಅಳುವೇ ಬಂತು.

ಆಪರೇಷನ್ ಆಯಿತು, ಗಾಯ ಮಾಯಿತು. ಧಾರೆಯ ದಿನ ಮಣೆಯ ಮೇಲೆ ಮಹಾರಾಜನಂತೆ ಕೂತೆ. ಒಂದೇ ತೊಂದರೆ. ಸೊಂಟನೋವಿನ ಸುದ್ದಿ ಕೇಳಿದ್ದ ಬೀಗರು ಅಕ್ಕರೆಯಿಂದ ನಾಲ್ಕು ಕಡ್ಡಿಯ ದಪ್ಪ ಸೊಂಟದ ಬೆಲ್ಟೊಂದನ್ನು ತಂದು, ಪಂಚೆಯ ಮೇಲೆ ತಾವೇ ಬಿಗಿದು ಕಟ್ಟಿದ್ದರು. ಅವರು ಬಂದಾಗಲೆಲ್ಲ ಈಗಲೂ ಕಟ್ಟಿಕೊಳ್ಳುತ್ತೇನೆ. ಕಟ್ಟಿ ಕಟ್ಟಿ ಈಗ ನಿಜವಾಗಿಯೂ ಸೊಂಟ ನೋಯುತ್ತಿದೆ. ಹೇಳಿದರೆ ಜಯಮ್ಮ ನಂಬುತ್ತಿಲ್ಲ.