ಅಧ್ಯಕ್ಷ ಅಣ್ಣನ ಸಂಚಾರಿ ಮಹಾಸಭೆ

ನಮ್ಮ ದೊಡ್ಡಮ್ಮನ ಮಗ ಡಾಕ್ಟರಾಗಲು ಓದುತ್ತಿದ್ದಾನೋ, ಸಭೆ ನಡೆಸಲು ಓದುತ್ತಿದ್ದಾನೋ ಎಂಬುದು ನಮ್ಮ ಬಳಗಕ್ಕೆ ಇನ್ನೂ ಬಗೆಹರಿಯದ ಪ್ರಶ್ನೆ. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗಲೂ ಅವನು ಕೇಳುವುದು ಬಡಿತವನ್ನಲ್ಲ. ಹೃದಯದ ಎಡಗೋಣೆ ಮಂಡಿಸಿದ್ದನ್ನು ಬಲಗೋಣೆ ಅನುಮೋದಿಸಿತೋ ಇಲ್ಲವೋ ಎಂದು ಪರೀಕ್ಷಿಸುತ್ತಾನೆ! ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಈ ಬರಹದ ಮೇಲೆ ಖಂಡನಾ ನಿರ್ಣಯ ಬರುತ್ತದೆ. ಅಣ್ಣ ಎಂದರೆ ಸಾಕು.

ನಮ್ಮ ವಿಶ್ವವಿದ್ಯಾಲಯ ಮೂರು ಊರುಗಳಲ್ಲಿ ಹರಡಿಕೊಂಡಿದೆ. ಕೊಪ್ಪದಲ್ಲಿ ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆ, ಶೃಂಗೇರಿಯಲ್ಲಿ ಆಯುರ್ವೇದ, ನರಸಿಂಹರಾಜಪುರದಲ್ಲಿ ನರ್ಸಿಂಗ್. ಮೂರಕ್ಕೂ ಸೇರಿ ಒಂದೇ ವಿದ್ಯಾರ್ಥಿ ಸಂಘ. ಕೊಪ್ಪದಲ್ಲಿರುವ ಅಣ್ಣ ಅದರ ಅಧ್ಯಕ್ಷ, ಶೃಂಗೇರಿಯಲ್ಲಿರುವ ನಾನು ಕಾರ್ಯದರ್ಶಿ. ನಾನು ಹೇಗೆ ಕಾರ್ಯದರ್ಶಿಯಾದೆ ಎನ್ನುತ್ತೀರಾ? ಅಣ್ಣ ನನ್ನ ಹೆಸರು ಸೂಚಿಸಿದ, ದೊಡ್ಡಮ್ಮ ಫೋನಿನಲ್ಲೇ ಅನುಮೋದಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ದೊಡ್ಡಮ್ಮನ ಮನೆ ನೆಮ್ಮಾರಿನಲ್ಲಿ. ರಜೆಗೆ ಹೋದರೆ ಅಲ್ಲಿ ಬೆಳಗಿನ ತಿಂಡಿಯೇ ಒಂದು ಅಧಿವೇಶನ. ಅಣ್ಣ ಖಾಲಿ ತಟ್ಟೆಯ ಮುಂದೆ ನೆಟ್ಟಗೆ ಕೂತು, "ಸಭೆಯ ಮುಂದೆ ಒಂದು ಸಲಹೆ ಇಡ್ತೀನಿ. ಇನ್ನೊಂದು ಸುತ್ತು ದೋಸೆ ಆಗಬೇಕು. ಅನುಮೋದಿಸುವವರು ಯಾರು?" ಎನ್ನುತ್ತಾನೆ. ದೋಸೆ ಎಂದರೆ ಪ್ರಾಣ ಬಿಡುವ ಅಜ್ಜಿ ತಕ್ಷಣ ಕೈ ಎತ್ತುತ್ತಾರೆ. "ವಿರೋಧ ಇದ್ಯಾ?" ಕಾವಲಿಯ ಮುಂದೆ ಬೆವರುತ್ತ ನಿಂತ ದೊಡ್ಡಮ್ಮ ಸಟ್ಟುಗ ಎತ್ತಿ ತೋರಿಸುತ್ತಾರೆ. "ಒಂದು ವಿರೋಧ. ಬಹುಮತದಿಂದ ದೋಸೆ ಅಂಗೀಕಾರ!"

"ಅಂಗೀಕಾರ ಆದ ದೋಸೆ ನೀನೇ ಹೊಯ್ದುಕೋ ಮಾರಾಯ. ನಾನು ಸಭಾತ್ಯಾಗ ಮಾಡ್ದೆ" ಎಂದು ದೊಡ್ಡಮ್ಮ ಒಂದು ದಿನ ಸಟ್ಟುಗವನ್ನು ಅವನ ಕೈಗೆ ಕೊಟ್ಟು ಜಗಲಿಗೆ ನಡೆದೇಬಿಟ್ಟರು. ಅಂದಿನಿಂದ ಅಣ್ಣ ದೋಸೆ ಹೊಯ್ಯಲು ಕಲಿತಿದ್ದಾನೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಹೊಯ್ಯುತ್ತಾನೆ.

ಅವನು ಗೆದ್ದ ಚುನಾವಣೆಯ ಕತೆ ಇನ್ನೂ ಸೊಗಸು. ಅಧ್ಯಕ್ಷ ಸ್ಥಾನಕ್ಕೆ ನಿಂತವನು ಅವನೊಬ್ಬನೇ. ಬೇರೆ ಯಾರಾದರೂ ಆಗಿದ್ದರೆ ಅವಿರೋಧ ಆಯ್ಕೆಯೆಂದು ಲಾಡು ಹಂಚಿ ಬಿಡುತ್ತಿದ್ದರು. ಅಣ್ಣ ಮುಖ ಸಣ್ಣದು ಮಾಡಿಕೊಂಡು ಕೂತ. "ಎದುರಾಳಿ ಇಲ್ದೆ ಎಂತ ಚುನಾವಣೆ ಮಾರಾಯ್ತಿ? ಜನ ನನ್ನ ಆರಿಸಿದ್ದು ಅಂತ ನಂಗೆ ಗೊತ್ತಾಗೋದು ಹೆಂಗೆ?"

ಕೊನೆಗೆ ತನ್ನ ರೂಮ್‌ಮೇಟನ್ನೇ ಕಾಡಿ ಬೇಡಿ ಎದುರು ನಿಲ್ಲಿಸಿದ. ಆ ಪಾಪದವನಿಗೆ ಭಾಷಣ ಬಾರದು. ಅದನ್ನೂ ಅಣ್ಣನೇ ಬರೆದುಕೊಟ್ಟ. ಬರೆದದ್ದೂ ಎಂಥಾದ್ದು! "ಈ ಮನುಷ್ಯನಿಗೆ ವೋಟು ಹಾಕಿದರೆ ನಿಮಗೆ ಊಟಕ್ಕೂ ಬಿಡುವಿರುವುದಿಲ್ಲ, ಬರೀ ಮೀಟಿಂಗು" ಎಂದು ರೂಮ್‌ಮೇಟ್ ನಮ್ಮ ಶೃಂಗೇರಿಯಲ್ಲಿ ಗುಡುಗಿದಾಗ ಬಿದ್ದ ಚಪ್ಪಾಳೆಯಲ್ಲಿ ನನ್ನದೂ ಇತ್ತು. ಕೊಪ್ಪದಲ್ಲೂ ಶೃಂಗೇರಿಯಲ್ಲೂ ರೂಮ್‌ಮೇಟೇ ಮುಂದು! ನರಸಿಂಹರಾಜಪುರದ ಹುಡುಗಿಯರು ಕೈಹಿಡಿಯದಿದ್ದರೆ ಅಣ್ಣ ತಾನೇ ಬರೆದ ಭಾಷಣದೆದುರು ಸೋತು ಮನೆಗೆ ಹೋಗುತ್ತಿದ್ದ. "ವೋಟು ಕೇಳಕ್ಕೆ ಅಂತ ನಮ್ಮ ಕ್ಯಾಂಪಸ್ಸಿಗೆ ಬಂದವರು ಇವರೊಬ್ಬರೇ" ಎಂದು ಅವರು ಕಾರಣ ಕೊಟ್ಟರು.

ಗೆದ್ದ ಮೇಲೆ ಮೇಜು ಕುಟ್ಟಲು ಸುತ್ತಿಗೆ ಬೇಡವೇ? ಮೊಣಕಾಲು ತಟ್ಟಿ ನರ ಪರೀಕ್ಷೆ ಮಾಡುವ ರಬ್ಬರಿನ ಸುತ್ತಿಗೆಯನ್ನೇ ಜೇಬಿನಲ್ಲಿಟ್ಟುಕೊಂಡ. ರಬ್ಬರಿಗೆ ಸದ್ದು ಎಲ್ಲಿಂದ ಬರಬೇಕು? ಮೇಜಿಗೆ ಹೊಡೆದು, ಬಾಯಲ್ಲಿ "ಟಕ್ ಟಕ್" ಎನ್ನುತ್ತಿದ್ದ. ಮೊದಲ ಸಾಲಿನಲ್ಲಿ ಕೂತವರು ಮಾತ್ರ ಹುಷಾರಾಗಿ ಮೊಣಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಸಂಘದ ವತಿಯಿಂದ ಕಿಗ್ಗದಲ್ಲಿ ಆರೋಗ್ಯ ತಪಾಸಣಾ ಶಿಬಿರ ಇಟ್ಟಿದ್ದೆವು. ಮೂರು ಕ್ಯಾಂಪಸ್ಸಿನವರೂ ಬಂದಿದ್ದರು. ಬಂದದ್ದೇ ತಪ್ಪಾಯಿತು. ಬಿಪಿ ನೋಡುವವರು ಯಾರು? ಕೊಪ್ಪದವರು ತಾವೆಂದರು. ನಾವು ನಾಡಿ ಹಿಡಿದೇ ಹೇಳುತ್ತೇವೆ, ನಿಮ್ಮ ಮೆಷಿನ್ ಯಾರಿಗೆ ಬೇಕು ಎಂದು ನಮ್ಮವರು ಕೆರಳಿದರು. ಅಣ್ಣ ಅಲ್ಲೇ ಮರದಡಿಯಲ್ಲಿ ತುರ್ತು ಸಭೆ ಕರೆದ. ಸಾಲಿನಲ್ಲಿ ಕೂತ ಅಜ್ಜನೊಬ್ಬರು ಎಲೆಯಡಿಕೆ ಹಾಕಿ, ಜಗಿದು, ಉಗಿದು, ಇನ್ನೊಮ್ಮೆ ಹಾಕಿಕೊಂಡರು. ಸಭೆ ಮುಗಿಯಲಿಲ್ಲ. ಕೊನೆಗೆ ಎದ್ದು ಬಂದು, "ನೀವು ಸಾವಕಾಶ ಮಾಡಿ ಮಾರಾಯ್ರೇ. ಬರುವಾಗ ಬಿಪಿ ಇತ್ತೋ ಏನೋ, ಕೂತೂ ಕೂತೂ ಇಳ್ದು ಹೋಗಿರಬೇಕು" ಎಂದು ಹೊರಟೇಬಿಟ್ಟರು. ಅಣ್ಣ ಇದನ್ನು ಶಿಬಿರದ ಮೊದಲ ಯಶಸ್ಸು ಎಂದು ವರದಿಯಲ್ಲಿ ಸೇರಿಸಲು ಹೇಳಿದ. ನಾನು ಸೇರಿಸಲಿಲ್ಲ.

ಇಷ್ಟೆಲ್ಲ ನಗೆಯ ನಡುವೆ ಒಂದು ನಿಜವಾದ ತಾಪತ್ರಯ ಬಂತು. ನರಸಿಂಹರಾಜಪುರದ ಹುಡುಗಿಯರು ವಾರ್ಡ್ ಡ್ಯೂಟಿಗೆಂದು ದಿನಾ ಕಾಲೇಜಿನ ವ್ಯಾನಿನಲ್ಲಿ ಕೊಪ್ಪದ ಆಸ್ಪತ್ರೆಗೆ ಬರುತ್ತಾರೆ. ಆ ವ್ಯಾನು ಅವರನ್ನು ಡ್ಯೂಟಿ ಮುಗಿಯುವುದಕ್ಕೆ ಒಂದು ಗಂಟೆ ಮೊದಲೇ ಹೊರಡಿಸುತ್ತಿತ್ತು. ಯಾಕೆಂದರೆ ಅದು ವಾಪಸು ಬಂದು ಕೊಪ್ಪದ ಹುಡುಗರನ್ನು ಕ್ರಿಕೆಟ್ ಮೈದಾನಕ್ಕೆ ಬಿಡಬೇಕು! ಆಮೇಲಿನ ಬಸ್ಸು ಹಿಡಿದರೆ ಹಾಸ್ಟೆಲಿನ ಗೇಟು ಮುಚ್ಚಿರುತ್ತದೆ. ಬೇಗ ಹೊರಟವರಿಗೆ ಅರ್ಧ ದಿನದ ಹಾಜರಿ ಮಾತ್ರ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಅವರ ಪ್ರತಿನಿಧಿಯಾಗಿ ಸಂಘಕ್ಕೆ ಬರುತ್ತಿದ್ದ ಹುಡುಗಿಗೇ ಹಾಜರಿ ಎಲ್ಲರಿಗಿಂತ ಕಡಿಮೆಯಿತ್ತು. ಅಪ್ಪ ಅಮ್ಮ ಕಾಫಿ ಎಸ್ಟೇಟಿನಲ್ಲಿ ಕೂಲಿ. ಒಂದು ವರ್ಷ ಹೋಯಿತೆಂದರೆ ಮನೆಯವರು ಮತ್ತೆ ಕಳಿಸುವುದಿಲ್ಲವೆಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಸಭೆಗಳಲ್ಲಿ ಮಾತ್ರ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಪ್ರಿನ್ಸಿಪಾಲರು, "ವ್ಯಾನಿನ ಸಮಯ ಸಂಘಕ್ಕೆ ಬಿಟ್ಟದ್ದು. ನೀವು ನಿರ್ಣಯ ಮಾಡಿ ತನ್ನಿ, ನಾಳೆಯಿಂದಲೇ ಬದಲಿಸ್ತೀನಿ" ಎಂದರು. ಕೂಡಲೇ ಬದಲಾದರೆ ಹಾಜರಿ ಇನ್ನೂ ತುಂಬುತ್ತಿತ್ತು.

ನಿರ್ಣಯಕ್ಕೆ ಮಹಾಸಭೆ ಬೇಕು. ಮಹಾಸಭೆ ಎಲ್ಲಿ? ಕೊಪ್ಪದಲ್ಲೆಂದರೆ ಶೃಂಗೇರಿಯವರು ಬಾರರು: "ಯಾವಾಗ್ಲೂ ನಾವೇ ಬರಬೇಕಾ?" ಶೃಂಗೇರಿಯಲ್ಲೆಂದರೆ ಕೊಪ್ಪದವರು ಬಾರರು. ನರಸಿಂಹರಾಜಪುರದಲ್ಲೆಂದರೆ ಇಬ್ಬರೂ ಬಾರರು. ಆಗ ಅಣ್ಣನ ತಲೆಯಲ್ಲಿ ಹೊಳೆದದ್ದೇ ಸಂಚಾರಿ ಮಹಾಸಭೆ. ಶೃಂಗೇರಿಯಿಂದ ಹೊರಟು ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿದೆಯಲ್ಲ, ಅದರಲ್ಲೇ ಸಭೆ! ಯಾರ ಊರೂ ಅಲ್ಲ, ಎಲ್ಲರ ಊರೂ ಹೌದು. ಪ್ರಪಂಚದಲ್ಲಿ ಇಂಥ ಯೋಚನೆ ಇನ್ನಾರಿಗಾದರೂ ಬಂದೀತೇ?

ಶನಿವಾರ ಮಧ್ಯಾಹ್ನ ನಾವು ಶೃಂಗೇರಿಯಲ್ಲಿ ಹತ್ತಿದೆವು. ಕೊಪ್ಪದಲ್ಲಿ ಅಣ್ಣನೂ ಕ್ರಿಕೆಟ್ ಕ್ಯಾಪ್ಟನ್ನೂ ಅವನ ಕಡೆಯವರೂ ಶನಿವಾರದ ಅರ್ಧ ದಿನದ ಡ್ಯೂಟಿ ಮುಗಿಸಿದ ಹುಡುಗಿಯರೂ ನುಗ್ಗಿದರು. ಬಸ್ಸು ಕಿಕ್ಕಿರಿಯಿತು. ಅಣ್ಣ ಡ್ರೈವರಿನ ಹಿಂದಿನ ಕಂಬ ಹಿಡಿದು ನಿಂತು "ಟಕ್ ಟಕ್" ಎಂದ.

"ಸಭಾಪತಿಗಳೇ, ಮೊದ್ಲು ಟಿಕೆಟ್ಟು" ಎಂದರು ಕಂಡಕ್ಟರು.

ಸಭೆ ಶುರುವಾಯಿತು. ಕಂಡಕ್ಟರು ಸೀಟಿ ಊದಿದಾಗೆಲ್ಲ ಚರ್ಚೆ ನಿಲ್ಲುತ್ತಿತ್ತು. ಇಳಿಯುವವರು ಇಳಿದ ಮೇಲೆ ಮುಂದುವರಿಯುತ್ತಿತ್ತು. ಕಮ್ಮರಡಿಯಿಂದ ಮಗಳ ಮನೆಗೆ ಹೊರಟಿದ್ದ ಅಜ್ಜಿಯೊಬ್ಬರು ಎಲ್ಲವನ್ನೂ ಗಮನವಿಟ್ಟು ಕೇಳಿ, "ಬ್ಯಾಟು ಹಿಡ್ಕೊಂಡವರು ನಡ್ಕೊಂಡು ಹೋಗ್ಲಪ್ಪ. ಕಾಲಿಲ್ವಾ ಅವಕ್ಕೆ?" ಎಂದು ನೇರವಾಗಿ ಚರ್ಚೆಯಲ್ಲಿ ಭಾಗವಹಿಸಿದರು. ಕಡೆಗೆ ಅಣ್ಣ, "ವ್ಯಾನು ಡ್ಯೂಟಿ ಮುಗಿಯುವವರೆಗೆ ಕಾಯಬೇಕು ಎನ್ನುವವರು ಕೈ ಎತ್ತಿ" ಎಂದ.

ನೋಡಿದರೆ ಇಡೀ ಬಸ್ಸಿನ ಕೈ ಮೇಲಿದೆ! ಇರದೆ ಏನು? ನಿಂತವರೆಲ್ಲ ಮೇಲಿನ ಸರಳು ಹಿಡಿದು ನೇತಾಡುತ್ತಿದ್ದರು. ವಿರೋಧಿಸಲೆಂದೇ ಬಂದಿದ್ದ ಕ್ಯಾಪ್ಟನ್ನಿನ ಎರಡೂ ಕೈಗಳು ಮೇಲಿದ್ದವು. "ನಂದು ವಿರೋಧ! ನಂದು ವಿರೋಧ!" ಎಂದು ಕಿರುಚುತ್ತಾನೆ, ಕೈ ಮಾತ್ರ ಇಳಿಸಲಾರ, ಇಳಿಸಿದರೆ ಆ ತಿರುವಿನಲ್ಲಿ ಅಜ್ಜಿಯ ಮಡಿಲಿಗೇ ಬೀಳಬೇಕು. ಕೂತಿದ್ದ ಅಜ್ಜಿಯೂ ಕೈ ಎತ್ತಿದ್ದರು. ಕಂಡಕ್ಟರೂ ಎತ್ತಿದ್ದರು. "ಸರ್ವಾನುಮತ!" ಎಂದ ಅಣ್ಣ. ಆ ಸಂಭ್ರಮದಲ್ಲಿ ರಬ್ಬರ್ ಸುತ್ತಿಗೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದ. ಅದು ಮತ್ತೆ ಸಿಕ್ಕಲಿಲ್ಲ.

ಆದರೆ ಸೋಮವಾರ ಬೆಳಿಗ್ಗೆ ಅವನೇ ನನಗೆ ಫೋನು ಮಾಡಿದ. "ಆ ನಿರ್ಣಯ ನಾನು ಕೊಡಲ್ಲ ಮಾರಾಯ್ತಿ. ಸಂಘದ ಸದಸ್ಯರು ಯಾರು, ಟಿಕೆಟ್ ತಗೊಂಡವರು ಯಾರು ಅಂತ ಲೆಕ್ಕ ಹಾಕಕ್ಕೆ ಆಗ್ಲಿಲ್ಲ. ಅದು ಅಸಿಂಧು."

ನನಗೆ ಮೈಯೆಲ್ಲ ಉರಿಯಿತು. "ನಿಂಗೆ ನಿಯಮ ಹೆಚ್ಚಾ, ಆ ಹುಡುಗಿ ಹೆಚ್ಚಾ? ಪ್ರಿನ್ಸಿಪಾಲರು ಎಂತ ಬಸ್ಸಿಗೆ ಬಂದು ನೋಡಿದ್ರಾ?"

"ಮೋಸದ ನಿರ್ಣಯ ಆದ್ರೆ ಕ್ಯಾಪ್ಟನ್ ಒಂದೇ ದಿನದಲ್ಲಿ ಅದನ್ನ ಬೀಳಿಸ್ತಾನೆ. ಆಮೇಲೆ ಯಾರೂ ಆ ಹುಡುಗೀರ ಮಾತು ಕೇಳಲ್ಲ" ಎಂದ. ಸಿಟ್ಟಿನಲ್ಲಿ ನಾನು ಫೋನು ಇಟ್ಟೆ. ಅವನು ಹೇಳಿದ್ದು ಸರಿಯೆಂದು ಅರ್ಥವಾಗಲು ಒಂದು ಕಾಫಿ ಬೇಕಾಯಿತು.

ಅದೇ ವಾರ ಕೊಪ್ಪದ ಸಭಾಂಗಣದಲ್ಲಿ ಸರಿಯಾದ ಮಹಾಸಭೆ ನಡೆಯಿತು. ಶೃಂಗೇರಿಯವರನ್ನು ನಾನೇ ಗದರಿಸಿ ಕರೆತಂದಿದ್ದೆ. ಕೊಪ್ಪದವರಂತೂ ಕ್ಯಾಪ್ಟನ್ನಿನ ಹಿಂದೆ ಸಾಲುಸಾಲಾಗಿ ಕೂತಿದ್ದರು. "ವ್ಯಾನಿನ ವಿಷಯ ಮಂಡಿಸುವವರು ಯಾರು?" ಎಂದು ಅಣ್ಣ ಕೇಳಿದ. ಆ ಹುಡುಗಿ ತಲೆ ತಗ್ಗಿಸಿ ಕೂತೇ ಇದ್ದಳು. ನಾನೇ ಏಳೋಣವೆಂದುಕೊಳ್ಳುವಷ್ಟರಲ್ಲಿ ಅಣ್ಣ ಎದ್ದು ನಿಂತ.

"ನಾನು ಮಂಡಿಸ್ತೀನಿ. ಕುರ್ಚೀಲಿ ಕೂತವರು ಒಂದು ಕಡೆಯ ಪರ ಮಾತಾಡೋ ಹಾಗಿಲ್ಲ. ಹಾಗಾಗಿ ಇವತ್ತಿನ ಸಭೆಗೆ ಬೇರೆ ಅಧ್ಯಕ್ಷರು." ಆಮೇಲೆ ಅವಳ ಕಡೆ ತಿರುಗಿ, "ಬಾ ತಂಗಿ, ಇಲ್ಲಿ ಕೂತ್ಕೋ" ಎಂದ.

ಊಟ ಬಿಟ್ಟರೂ ಬಿಟ್ಟಾನು, ಕುರ್ಚಿ ಬಿಡುವವನಲ್ಲ ಎಂದು ನಾವೆಲ್ಲ ನಂಬಿದ್ದ ಮನುಷ್ಯ! ಅವಳು ಹೆದರಿ ಹೆದರಿ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅಣ್ಣ ಕೆಳಗಿಳಿದು ನಿಂತು ಭಾಷಣ ಶುರುಮಾಡಿದ. ಸಂಘದ ಹುಟ್ಟು, ಸಂಘದ ಬೆಳವಣಿಗೆ, ಪ್ರಜಾಪ್ರಭುತ್ವದ ತಿರುಳು... ಎದುರಾಳಿಗೆ ಅಷ್ಟು ಚೆನ್ನಾಗಿ ಬರೆದುಕೊಟ್ಟವನು ತನಗಾಗಿ ಮಾತಾಡಲು ನಿಂತರೆ ಹೀಗೆ! ಶೃಂಗೇರಿಯವರು ಆಕಳಿಸಿದರು. ಕ್ಯಾಪ್ಟನ್ ಮುಸಿಮುಸಿ ನಗತೊಡಗಿದ. ಕೈಗೆ ಬಂದದ್ದು ಹೋಯಿತಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

"ಅಣ್ಣ, ಸಾಕು. ನೀವು ಕೂತ್ಕೊಳ್ಳಿ. ನಾನು ಹೇಳ್ತೀನಿ."

ಯಾರದಪ್ಪಾ ಈ ದನಿ ಎಂದು ಎಲ್ಲರೂ ನೋಡಿದರು. ಕುರ್ಚಿಯಿಂದ ಬಂದಿತ್ತು.

ಕ್ಯಾಪ್ಟನ್ ಜಿಗಿದು ನಿಂತ. "ಅಧ್ಯಕ್ಷರು ಮಾತಾಡೋ ಹಾಗಿಲ್ಲ! ಈಗಷ್ಟೇ ಇವನೇ ಹೇಳಿದ. ನಿಯಮ!" ಸಭೆಯೆಲ್ಲ ಅಣ್ಣನ ಮುಖ ನೋಡಿತು. ಮೂರೂರಿನಲ್ಲಿ ನಿಯಮಕ್ಕಾಗಿ ಜೀವ ತೇಯ್ದವನು ಅವನೇ ತಾನೆ?  ಅಣ್ಣ ಹೋಗಿ ಕೊನೆಯ ಬೆಂಚಿನಲ್ಲಿ ಕೂತು, ಬಹಳ ಮೆತ್ತಗೆ, "ನಿಯಮ ಇದೆ. ಆದ್ರೂ ಇರ್ಲಿ, ಕೂತ್ಕೊಳಾ ಮಾರಾಯ. ಅವಳು ಮಾತಾಡ್ಲಿ" ಎಂದ.

ಅವಳು ಹೆಚ್ಚೇನೂ ಹೇಳಲಿಲ್ಲ. "ಓದಿ ಫೇಲಾದ್ರೆ ಇನ್ನೊಂದ್ಸಲ ಓದ್ಬಹುದು. ಪರೀಕ್ಷೆಗೇ ಕೂರಿಸದಿದ್ರೆ ಎಂತ ಮಾಡೋದು? ವ್ಯಾನು ಹಾರ್ನ್ ಹಾಕುತ್ತೆ, ನಾವು ವಾರ್ಡ್ ಬಿಟ್ಟು ಓಡ್ತೀವಿ. ಮಲಗಿದ್ದವರು 'ಎಲ್ಲಿಗೆ ಹೊರಟೆ ಮಗಾ, ಡ್ರಿಪ್ಪು ಮುಗೀತಾ ಬಂತು' ಅಂತ ಕೂಗ್ತಾರೆ. ನಾನು ಕೇಳದವಳ ಹಾಗೆ ಓಡ್ತೀನಿ. ದಿನಾ ಓಡ್ತೀನಿ. ಅದು ನಂಗೆ ಆಗ್ತಾ ಇಲ್ಲ." ಅಷ್ಟು ಹೇಳಿ, "ಒಪ್ಪಿಗೆ ಇದ್ದವರು ಕೈ ಎತ್ತಿ" ಎಂದಳು.

ನಮ್ಮವರು ಎತ್ತಿದರು. ಕೊಪ್ಪದ ಸಾಲುಗಳಲ್ಲಿ ಒಂದೊಂದೇ ಕೈ ಎದ್ದಿತು. ಕ್ಯಾಪ್ಟನ್ನಿನದೂ ಎದ್ದಿತು, ಈ ಸಲ ಮೇಲೆ ಹಿಡಿದುಕೊಳ್ಳಲು ಯಾವ ಸರಳೂ ಇರಲಿಲ್ಲ. ವ್ಯಾನು ಮರುದಿನದಿಂದಲೇ ಕಾಯತೊಡಗಿತು. ಅವಳು ಪರೀಕ್ಷೆ ಬರೆದಳು, ಪಾಸಾದಳು, ಈಗ ಅದೇ ಆಸ್ಪತ್ರೆಯಲ್ಲಿ ಇದ್ದಾಳೆ. ಇದೆಲ್ಲ ಸಂತೋಷದ ವಿಷಯವೇ. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಹೊತ್ತಿನ ಕೊನೆಯ ಬೆಂಚು. ಅಲ್ಲಿ ಅಣ್ಣ ಎಳೆ ಮಗುವಿನ ಹಾಗೆ ಎರಡೂ ಕೈ ಎತ್ತಿ ಕೂತಿದ್ದ. ಇಂಥವನು ನಮ್ಮ ಮನೆಯವನಲ್ಲವೇ ಎಂದು ಹೆಮ್ಮೆಯಿಂದ ನನ್ನ ಎದೆ ತುಂಬಿ ಬಂತು.

ಒಬ್ಬರಿಗೆ ಒಂದೇ ಮತ. ಅವಳು ಅವನ ಎರಡು ಕೈಗಳನ್ನೂ ಎಣಿಸಿಕೊಂಡಳು.